ಅತ್ತಿಬೆಲೆಯ ವಿಳಾಸ

ಏಳೂ ಇಪ್ಪತ್ತಕ್ಕೆ ಕಂಪನಿಯ ಬಸ್ಸು ನಮ್ಮ ಮನೆಯ ಎದುರಿನ ತಿರುವಿಗೆ ಬಂದು ನಿಂತಿತು. ಹತ್ತುವವರು ಯಾರೂ ಇರಲಿಲ್ಲ. ಡ್ರೈವರ್ ಸ್ವಲ್ಪ ಹೊತ್ತು ಕಾದು, ಏನೋ ನೆನಪಾದವನಂತೆ ಹಾರನ್ ಮಾಡದೆ ಹೊರಟುಹೋದ.

ನನ್ನ ಗಂಡ ಕೆಂಪರಾಜು ಹೋದ ಹನ್ನೆರಡನೆಯ ದಿನ ಅದು. ಹಿಂದಿನ ದಿನ ಹನ್ನೊಂದರ ಕಾರ್ಯ ಮುಗಿದಿತ್ತು. ಶಾಮಿಯಾನ ಬಿಚ್ಚಿಕೊಂಡು ಹೋಗಿದ್ದರು. ಬಾಡಿಗೆ ಪಾತ್ರೆಗಳು ವಾಪಸು ಹೋಗಿದ್ದವು. ಮಾವ ರಾಮಕೃಷ್ಣಪ್ಪ ಎಲೆಕೋಸಿಗೆ ನೀರು ಬಿಡಲು ಹೊಲಕ್ಕೆ ಹೋಗಿದ್ದರು. ಮೈದುನ ನಂದೀಶ ಟೆಂಪೊ ತೆಗೆದುಕೊಂಡು ಹೊಸೂರಿನ ಮಾರ್ಕೆಟ್ಟಿಗೆ ಹೋಗಿದ್ದ. ಅತ್ತೆ ಅಂಜಿನಮ್ಮ ಒಲೆಯ ಮುಂದಿದ್ದರು. ಎಲ್ಲರಿಗೂ ಮಾಡಲು ಏನಾದರೂ ಇತ್ತು.

ನಾನು ಬಿ.ಪಿ. ಯಂತ್ರ ತೆಗೆದು ನನ್ನದೇ ನೋಡಿಕೊಂಡೆ. ನೂರಹತ್ತು, ಎಪ್ಪತ್ತು. ನಾಡಿ ಎಪ್ಪತ್ತೆರಡು. ಐದು ನಿಮಿಷ ಬಿಟ್ಟು ಮತ್ತೆ ನೋಡಿದೆ. ಅಷ್ಟೇ. ಇಂಥ ಹೆಂಗಸನ್ನು ವಾರ್ಡಿನಲ್ಲಿ ಕಂಡಿದ್ದರೆ ಮನೆಗೆ ಕಳಿಸಿಬಿಡಿ ಎಂದು ನಾನೇ ಡಾಕ್ಟರಿಗೆ ಹೇಳುತ್ತಿದ್ದೆ.

ಆದರೆ ಕೂರಲು ಆಗುತ್ತಿರಲಿಲ್ಲ. ಅಂಗಳ ಗುಡಿಸಿದೆ. ಗುಡಿಸಿದ ಅಂಗಳವನ್ನೇ ಇನ್ನೊಮ್ಮೆ ಗುಡಿಸಿದೆ. ಬಾತ್‌ರೂಮಿನ ಗೋಡೆ ಉಜ್ಜಿದೆ. ತಾರಸಿ ಹತ್ತಿ ಇಳಿದೆ. ಅತ್ತೆ ಎರಡು ಸಲ ನೋಡಿ ಮೂರನೆಯ ಸಲ ಅಂದರು: "ಒಂದ್ಕಡೆ ಕೂತ್ಕಳಮ್ಮಿ. ಕಾಲಿಗೆ ಚಕ್ರ ಕಟ್ಕಂಡಂಗೆ ತಿರುಗ್ತೀಯಲ್ಲ. ನೋಡ್ದೋರು ಏನಂದಾರು?"

ನಮ್ಮ ಊರು ಮತ್ತಿಗಿರಿ, ಗಡಿಯ ತಮಿಳುನಾಡಿನ ಕಡೆ. ನಾನು ಹೊಸೂರಿನ ಒಂದು ಖಾಸಗಿ ಆಸ್ಪತ್ರೆಯ ಐ.ಸಿ.ಯು.ನಲ್ಲಿ ನರ್ಸ್. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷ, ಮದುವೆಯಾಗಿ ಎರಡು ವರ್ಷ. ಮಕ್ಕಳಿಲ್ಲ. ಐ.ಸಿ.ಯು.ನಲ್ಲಿ ಮೊಣಕೈಯ ಕೆಳಗೆ ಏನೂ ತೊಡುವಂತಿಲ್ಲ, ಉಂಗುರವನ್ನೂ. ಹಾಗಾಗಿ ಬಳೆಯ ಅಭ್ಯಾಸ ತಪ್ಪಿಹೋಗಿತ್ತು. ಬಳೆ ಒಡೆಯಲು ಬಂದ ಹೆಂಗಸರು ನನ್ನ ಬರಿಗೈ ನೋಡಿ ಮುಖ ಮುಖ ನೋಡಿಕೊಂಡರು. ಒಡೆಯದೆ ಶಾಸ್ತ್ರ ಮುಗಿಯುವಂತಿಲ್ಲ. ಅತ್ತೆ ಯಾರನ್ನೋ ಅಂಗಡಿಗೆ ಓಡಿಸಿ ಒಂದು ಡಜನ್ ಹಸಿರು ಗಾಜಿನ ಬಳೆ ತರಿಸಿದರು. ಅಳತೆ ಸಣ್ಣದಾಯಿತು. ಸೋಪು ಹಚ್ಚಿ ತೊಡಿಸಿದರು, ಆಮೇಲೆ ಒಡೆದರು. ಮದುವೆಯ ದಿನ ಬಿಟ್ಟರೆ ನಾನು ಅಷ್ಟು ಬಳೆ ತೊಟ್ಟದ್ದು ಅವತ್ತೇ.

ಹನ್ನೊಂದರ ದಿನ ಬಂದವರೆಲ್ಲ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ನನ್ನ ಮುಂದಿನ ಜೀವನದ ಬಗ್ಗೆ ಮಾತಾಡಿದರು. ನಾನು ಒಳಗಿನ ಕೋಣೆಯಲ್ಲಿದ್ದೆ. ಬಾಗಿಲು ತೆರೆದೇ ಇತ್ತು.

"ಜರ್ಮನಿಗ್ ಕಳ್ಸಿ ಅವ್ಳನ್ನ," ಎಂದಳು ಮಾವನ ತಂಗಿ ಹನುಮಕ್ಕ. "ನಮ್ ಪಕ್ಕದ್ಮನೆ ಸುಧಾ ಹೋಗವ್ಳೆ. ಅಲ್ಲಿ ಮುದುಕ್ರಿಗೆ ಸ್ನಾನ ಮಾಡ್ಸೋದೇ ದೊಡ್ ಕೆಲ್ಸವಂತೆ. ಕಾರಲ್ ಕರ್ಕಂಡೋಗಿ ಕಾರಲ್ ತಂದ್ ಬುಡ್ತಾರಂತೆ. ಇಲ್ಲಿ ನನ್ ಬೆನ್ ಉಜ್ಜು ಬಾರೇ ಅಂದ್ರೆ ಸೊಸೆ ಫೋನ್ ಕಿವೀಗಿಟ್ಕಂಡು ಆಚೆ ಹೋಯ್ತಾಳೆ."

"ಆ ಭಾಷೆ ಕಲೀಬೇಕಲ್ಲ ಅಕ್ಕ," ಎಂದರು ಒಬ್ಬ ಮೇಷ್ಟರು. "ಗೌರ್ಮೆಂಟ್ ಪರೀಕ್ಷೆ ಬರೀಲಿ."

"ಬರೀತಾ ಬರೀತಾ ತಲೆ ಬೆಳ್ಳಗಾಯ್ತದೆ."

"ನರ್ಸಿಂಗ್ ಕಾಲೇಜಲ್ಲಿ ಪಾಠ ಹೇಳ್ಲಿ ಹಂಗಾದ್ರೆ."

ಅಷ್ಟರಲ್ಲಿ ಕಂಪನಿಯ ಎಚ್.ಆರ್. ಅಧಿಕಾರಿ ಹಣ್ಣಿನ ಬುಟ್ಟಿಯೊಂದಿಗೆ ಬಂದು ಎಲ್ಲರ ಬಾಯಿ ಮುಚ್ಚಿಸಿದರು. ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಒಬ್ಬ ನರ್ಸಿನ ಕೆಲಸ ಖಾಲಿ ಇದೆ. ಕೆಂಪರಾಜು ಮೇಲಿನ ಅಭಿಮಾನಕ್ಕೆ ಅದನ್ನು ನನಗೆ ಕೊಡುತ್ತಾರೆ. ಹಗಲು ಪಾಳಿ ಮಾತ್ರ, ಬಸ್ಸು ಮನೆಯ ಮುಂದಕ್ಕೇ ಬರುತ್ತದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂದು ಸಹಿ ಹಾಕಿದರೆ ಸಾಕು.

ಅತ್ತೆ ಆ ದಿನ ಮೊದಲ ಸಲ ನೀರು ಕುಡಿದರು.

ನನಗೆ ಎಂ.ಎಸ್ಸಿ. ಓದಬೇಕಿತ್ತು. ಕಳೆದ ವರ್ಷ ಒಬ್ಬ ರೋಗಿಯ ಉಸಿರು ಬದಲಾದದ್ದು ಎಲ್ಲರಿಗಿಂತ ಮೊದಲು ನನಗೆ ತಿಳಿಯಿತು. ಚಾರ್ಟಿನಲ್ಲಿ ಬರೆದೆ, ಫೋನ್ ಮಾಡಿದೆ, ಕಾದೆ. ಡಾಕ್ಟರ್ ಬರಲು ನಲವತ್ತು ನಿಮಿಷವಾಯಿತು. ಆ ನಲವತ್ತು ನಿಮಿಷದಲ್ಲಿ ಏನು ಮಾಡಬೇಕೆಂದು ನನಗೆ ಅರ್ಧ ಗೊತ್ತಿತ್ತು. ಉಳಿದರ್ಧ ಕಲಿಯಬೇಕು ಎಂದು ಕೆಂಪರಾಜುಗೆ ಹೇಳಿದ್ದೆ. ಅವನಿಗೆ ಮಾತ್ರ. ಅರ್ಜಿಗೆ ಕೊನೆಯ ದಿನ ಮೂವತ್ತು. ಅವತ್ತು ಇಪ್ಪತ್ತಮೂರು.

ಅತ್ತೆ ಮುದ್ದೆಗೆ ಎಸರು ಇಟ್ಟು, ಬೆನ್ನು ತಿರುಗಿಸಿಯೇ ಕೇಳಿದರು. "ಅವತ್ತು ಬಸ್ಸಿಗ್ ಹೋಗ್ದೆ ಬೈಕ್ ಯಾಕ್ ತಗಂಡೋದ?"

"ಗೊತ್ತಿಲ್ಲ ಅತ್ತೆ."

"ಪರ್ಮಿಷನ್ ಹಾಕಿದ್ನಂತೆ. ಮಧ್ಯಾಹ್ನದ್ ಹೊತ್ನಲ್ಲಿ ಅತ್ತಿಬೆಲೇಲಿ ಏನ್ ಕೆಲ್ಸ ಅವ್ನಿಗೆ? ನಿಂಗೂ ಹೇಳ್ಲಿಲ್ವಾ?"

"ಇಲ್ಲ."

ಅದು ನಿಜ. ಹನ್ನೆರಡನೆಯ ತಾರೀಕು, ಮಂಗಳವಾರ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಗಡಿಯಾಚೆಯ ಅತ್ತಿಬೆಲೆ ಕಡೆಯಿಂದ ಬರುತ್ತಿದ್ದವನಿಗೆ ಜೂಜುವಾಡಿಯಲ್ಲಿ ಲಾರಿ ತಾಗಿತ್ತು. ಅವನು ಅಲ್ಲಿ ಏಕಿದ್ದ ಎಂದು ಯಾರಿಗೂ ತಿಳಿದಿರಲಿಲ್ಲ.  ಅತ್ತೆ ಮುದ್ದೆ ತೊಳಸುವಾಗ ಕೋಲಿನ ಸದ್ದು ಎಂದಿಗಿಂತ ಜೋರಾಗಿತ್ತು.

ಭಾನುವಾರ ಕುಮಾರೇಶ್ ಬಂದ. ಕೆಂಪರಾಜು ಜೊತೆ ಒಂದೇ ವಿಭಾಗದಲ್ಲಿ ಕೆಲಸ ಮಾಡುವವನು, ಅತ್ತಿಬೆಲೆಯಲ್ಲಿ ಬಾಡಿಗೆಗಿದ್ದಾನೆ. ಕಂಪನಿಯವರು ಲಾಕರ್ ಖಾಲಿ ಮಾಡಿ ತುಂಬಿಕೊಟ್ಟ ಬ್ಯಾಗು ತಂದಿದ್ದ. ಅಂಗಳದ ಕಟ್ಟೆಯ ಮೇಲೆ ಇಟ್ಟು, ಚಪ್ಪಲಿ ಬಿಡದೆ ನಿಂತ.

"ಕೂತ್ಕೊಳ್ಳಿ ಕುಮಾರೇಶ್."

"ಇಲ್ಲ ಅತ್ಗೆ. ಹೋಗ್ಬೇಕು."

ಹೋಗಲಿಲ್ಲ. ನಾನು ಬ್ಯಾಗಿನ ಜಿಪ್ ಎಳೆದೆ. ಸೇಫ್ಟಿ ಶೂ, ಟವೆಲ್, ಅರ್ಧ ಖಾಲಿಯಾದ ಎಣ್ಣೆ ಬಾಟಲಿ. ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ನಾಲ್ಕಾಗಿ ಮಡಚಿದ ದೊಡ್ಡ ಹಾಳೆ, ಅದರ ಹಿಂದೆ ಹಳೆಯ ಕಾಗದಗಳು.

ಕೆಂಪರಾಜು ಕ್ವಾಲಿಟಿ ಇನ್‌ಸ್ಪೆಕ್ಟರ್. ಅವರ ಕಾರ್ಖಾನೆಯಲ್ಲಿ ಎಂಥ ಕೆಲಸಕ್ಕೂ ಒಂದು ಹಾಳೆ ಇರುತ್ತದೆ. ಏನು ಕೆಲಸ, ಯಾರ ಜವಾಬ್ದಾರಿ, ಯಾವ ದಿನದೊಳಗೆ. ಕೊನೆಯಲ್ಲಿ ನಾಲ್ಕು ಭಾಗ ಮಾಡಿದ ಒಂದು ಸೊನ್ನೆ. ಕೆಲಸ ಮುಂದುವರಿದಂತೆ ಒಂದೊಂದೇ ಭಾಗಕ್ಕೆ ಕಪ್ಪು ತುಂಬುತ್ತಾರೆ. ಮದುವೆಯ ಹೊಸದರಲ್ಲಿ ಅವನು ಗ್ಯಾಸ್ ಸಿಲಿಂಡರಿಗೂ ಅಂಥದೊಂದು ಹಾಳೆ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದ. ಅತ್ತೆ ಅದರ ಮೇಲೆ ಇಕ್ಕಳ ನೇತುಹಾಕಿದ್ದರು.

ಈ ಹಾಳೆಯ ತಲೆಯಲ್ಲಿ ನನ್ನ ಹೆಸರಿತ್ತು: 'ಭಾನು, ಮುಂದಿನ ಓದು'.

ಜರ್ಮನಿಯೂ ಇತ್ತು. ಅದರ ಮುಂದೆ 'ತುಂಬಾ ದೂರ' ಎಂದು ಬರೆದು ಹೊಡೆದುಹಾಕಿದ್ದ. ಸರ್ಕಾರಿ ಕೆಲಸದ ಮುಂದೆ ಪ್ರಶ್ನೆಯ ಗುರುತು. 'ಎಂ.ಎಸ್ಸಿ., ಚೆನ್ನೈ, ಸರ್ಕಾರಿ ಕಾಲೇಜು' ಎಂಬುದರ ಮೇಲೆ ಸ್ಕೇಲಿಟ್ಟು ಗೆರೆ ಎಳೆದಿದ್ದ. ಪಕ್ಕದಲ್ಲಿ 'ದೂರ' ಎಂದಷ್ಟೇ. ಉಳಿದದ್ದು 'ಎಂ.ಎಸ್ಸಿ., ಬೆಂಗಳೂರು, ದಿನಾ ಹೋಗಿ ಬರಬಹುದು'. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: 'ಕರ್ನಾಟಕದ ವಿಳಾಸ ಬೇಕು. ಅತ್ತಿಬೆಲೆ ಪಾಪಮ್ಮ, ಮನೆ ಪತ್ರ 4ನೇ ತಾರೀಕು ತಂದಾಯ್ತು. ಬಾಡಿಗೆ ಕರಾರು, ನೋಟರಿ, 12ನೇ ತಾರೀಕು ಮಧ್ಯಾಹ್ನ 12.' ಸೊನ್ನೆಯಲ್ಲಿ ಮೂರು ಭಾಗ ಕಪ್ಪಾಗಿತ್ತು.

"ಪಾಪಮ್ಮ ಯಾರು?" ಎಂದೆ.

ಕುಮಾರೇಶ್ ಕಟ್ಟೆಯ ಮೇಲೆ ಕೂತ. "ನಾನೇ ತೋರ್ಸಿದ್ದು ಅತ್ಗೆ. ನಮ್ ಬೀದೀಲಿ ಒಂದ್ ಸಣ್ ಮನೆ ಐತೆ ಆ ಯಮ್ಮಂಗೆ. ಅಡ್ರೆಸ್ ಬೇಕು ಅಂದೋರಿಗೆಲ್ಲ ಬಾಡಿಗೆ ಕರಾರು ಮಾಡ್ಕೊಡ್ತಾಳೆ. ಪೇಪರ್ ಮೇಲೆ ಹನ್ನೊಂದ್ ಜನ ಬಾಡಿಗೆಗವ್ರೆ. ಇರೋದು ಒಂದೇ ರೂಮು." ನಗಲು ಹೋಗಿ ನಿಲ್ಲಿಸಿದ. "ನಮ್ ಕಡೆ ಎಲ್ರೂ ಮಾಡೋದೇ ಅಲ್ವಾ. ರೇಷನ್ ಈ ಕಡೆ, ಗ್ಯಾಸ್ ಆ ಕಡೆ. ನನ್ ಬೈಕೂ ಕೆ.ಎ. ನಂಬರ್ರೇ. ಅತ್ತಿಬೆಲೆ ಅಡ್ರೆಸ್ ಇದ್ರೆ ಭಾನೂಗೆ ಅಲ್ಲಿ ಸೀಟ್ ಸಿಗ್ತದೆ ಕಣ್ಲಾ, ಸಂಜೆ ಮನೇಗ್ ಬತ್ತಾಳೆ ಅಂದ. ಸೀಟ್ ಸಿಕ್ಕ್ ಮೇಲೆ ಹೇಳ್ತೀನಿ, ಈಗ್ಲೇ ಹೇಳ್ಬೇಡ ಅಂದ."

"ಇವು ಅವರ ಮನೆಯ ಕಾಗದಗಳೇ?"

ಅವನು ಬಗ್ಗಿ ನೋಡಿದ.  "ಇದು ಲಾಕರಲ್ಲೇ ಇತ್ತಾ? ಅದ್ಕೇ ಆ ಯಮ್ಮ ನಂಗೆ ದಿನಾ ಫೋನ್ ಮಾಡ್ತಾವ್ಳೆ. ನಾನ್ ಎತ್ಲೇ ಇಲ್ಲ ಅತ್ಗೆ. ಅವ್ನಿಲ್ಲ ಅಂತ ಹೆಂಗ್ ಹೇಳ್ಲಿ? ಆ ಬೀದೀಲಿ ಹೋಗೋದೇ ಬಿಟ್ಬುಟ್ಟಿದೀನಿ, ಸುತ್ತ್ ಹಾಕ್ಕೊಂಡ್ ಹೋಯ್ತೀನಿ."

ಕುಮಾರೇಶ್ ಹೋದ ಮೇಲೆ ಹಾಳೆಯನ್ನು ಫೈಲಿನಲ್ಲಿ ಹಾಕಿ ತಾರಸಿಗೆ ಹೋದೆ. ಅಲ್ಲಿ ಈ ಕೊನೆಯಿಂದ ಆ ಕೊನೆಗೆ ಹದಿನಾಲ್ಕು ಹೆಜ್ಜೆ. ಎಷ್ಟು ಸಲ ನಡೆದೆನೋ. ನಡೆಯುತ್ತಲೇ ಅಲಮೇಲು ಸಿಸ್ಟರಿಗೆ ಫೋನ್ ಮಾಡಿದೆ. ನಮ್ಮ ಐ.ಸಿ.ಯು.ನ ಹಿರಿಯ ನರ್ಸ್ ಅವರು. ಚೆನ್ನೈನಲ್ಲಿ ಎಂ.ಎಸ್ಸಿ. ಮಾಡಿದವರು. ಮನೆಮಾತು ತಮಿಳು. ನನ್ನ ಜೊತೆ ಕನ್ನಡ.

ಅತ್ತಿಬೆಲೆಯ ವಿಳಾಸದ ವಿಚಾರ ಹೇಳಿದೆ. ಯಾರು ಮಾಡಿದರು, ಯಾವಾಗ ಎಂದು ಹೇಳಲಿಲ್ಲ.

"ಅಯ್ಯಯ್ಯೋ, ಎನ್ನ ಮಾ ಇದು, ಏನಮ್ಮಾ ಇದು! ವಿಳಾಸ ಇದ್ರೆ ಅಲ್ಲಿ ಸೀಟ್ ಕೊಡ್ತಾರೆ ಅಂತ ಯಾರು ಹೇಳಿದ್ದು? ಅವರು ನೋಡೋದು ಕರ್ನಾಟಕದಲ್ಲಿ ಎಷ್ಟು ವರ್ಷ ಓದಿದೀಯ ಅಂತ. ನೀನು ಬಿ.ಎಸ್ಸಿ. ನಾಲ್ಕು ವರ್ಷ ಮಾತ್ರ ಅಲ್ಲಿ ಓದಿದ್ದು. ಅದು ಸಾಲಲ್ಲ."

"ಹಾಗಾದ್ರೆ ಬೆಂಗಳೂರು ಆಗೋದೇ ಇಲ್ವಾ?"

"ಆಗಲ್ಲ ಮಾ. ನಿನಗೆ ಇರೋದು ಚೆನ್ನೈ ದಾರಿ. ನಿನ್ನ ನರ್ಸಿಂಗ್ ರಿಜಿಸ್ಟ್ರೇಷನ್ ಹೋದ ವರ್ಷಾನೇ ತಮಿಳುನಾಡಿಗೆ ಬದಲಾಯಿಸಿ ಆಗಿದೆ. ಕೆಲಸದ ಅನುಭವ ಇದೆ. ಹುಟ್ಟಿದ್ದು ಗುಮ್ಮಳಾಪುರ, ಹನ್ನೆರಡನೇ ಕ್ಲಾಸ್ ತನಕ ಓದಿದ್ದೂ ತಮಿಳುನಾಡಲ್ಲೇ. ಬೇಕಾಗಿರೋದು ನೀನು ಈ ಊರವಳು ಅನ್ನೋ ನೇಟಿವಿಟಿ ಸರ್ಟಿಫಿಕೇಟ್ ಒಂದೇ. ಡಿಗ್ರಿ ಕರ್ನಾಟಕದ್ದಲ್ವಾ, ಅದಕ್ಕೆ ಕೇಳ್ತಾರೆ. ಮತ್ತಿಗಿರಿ ವಿ.ಎ.ಓ., ಅಂದ್ರೆ ಗ್ರಾಮ ಲೆಕ್ಕಿಗರ ಆಫೀಸಿಗೆ ಮಾವನ್ನ ಕರ್ಕೊಂಡು ಹೋಗು. ರೇಷನ್ ಕಾರ್ಡ್ ಅವರ ಹೆಸರಲ್ಲಿ ಇದೆ ಅಲ್ಲ? ಅವರು ಬಂದು, ಇವಳು ನಮ್ಮ ಮನೆಯವಳು ಅಂತ ಹೇಳಬೇಕು." ಉಸಿರು ಎಳೆದುಕೊಂಡು ಮುಂದುವರಿಸಿದರು. "ಆಧಾರ್‌ನಲ್ಲಿ ಅತ್ತಿಬೆಲೆ ಅಂತ ಬಂದುಬಿಟ್ಟಿದ್ರೆ ಇಲ್ಲಿ ಅದೂ ಕಷ್ಟ ಆಗ್ತಿತ್ತು. ಸದ್ಯ, ಆ ಕೆಲಸ ಆಗಲಿಲ್ಲ."

ನಾನು ನಡೆಯುವುದನ್ನು ನಿಲ್ಲಿಸಿದೆ.

"ಯಾರು ಮಾಡಿಸೋಕೆ ಹೋಗಿದ್ದು?" ಎಂದರು. ಆಮೇಲೆ ಅವರಿಗೇ ಹೊಳೆಯಿತು. "ಭಾನು. ಭಾನು, ನಾನು ಹಾಗೆ ಹೇಳಿದ್ದಲ್ಲ ಮಾ."

"ಗೊತ್ತು ಸಿಸ್ಟರ್."

ಫೋನ್ ಇಟ್ಟ ಮೇಲೂ ಅಳು ಬರಲಿಲ್ಲ. ಒಂದು ವಿಷಯ ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ಅವನು ತಪ್ಪು ದಾರಿ ಹಿಡಿದಿದ್ದ. ಒಂದು ಮಾತು ನನ್ನನ್ನು ಕೇಳಿದ್ದರೆ ನಾನು ಸಿಸ್ಟರನ್ನು ಕೇಳುತ್ತಿದ್ದೆ. ಎರಡು ನಿಮಿಷದ ಫೋನು. ಆದರೆ ಕೇಳಿದ್ದರೆ ಚೆನ್ನೈ ಒಂದೇ ಉಳಿಯುತ್ತಿತ್ತು. ಚೆನ್ನೈ ಅವನಿಗೆ ದೂರ. ಸಂಜೆ ಮನೆಗೆ ಬರುವ ಹೆಂಡತಿ ಬೇಕಿತ್ತು ಅವನಿಗೆ. ಅದಕ್ಕೆ ಅವನ ಮೇಲೆ ಸಿಟ್ಟು ಮಾಡಬೇಕೋ ಬೇಡವೋ ತಿಳಿಯಲಿಲ್ಲ. ಸಿಟ್ಟು ಮಾಡಲು ಪ್ರಯತ್ನಿಸಿದೆ. ಅದೂ ಬರಲಿಲ್ಲ.

ಇದನ್ನು ಮನೆಯಲ್ಲಿ ಹೇಳದೇ ಇರಬಹುದಿತ್ತು. ಹೇಳದಿದ್ದರೆ ಸೋಮವಾರ ಸಹಿ ಹಾಕಿ, ಮಂಗಳವಾರದಿಂದ ಅದೇ ಬಸ್ಸು ಹತ್ತಿ, ಅವನು ಹೋಗುತ್ತಿದ್ದ ಗೇಟಿನಲ್ಲೇ ಒಳಗೆ ಹೋಗುವುದು. ಹೇಳಿದರೆ, ನನ್ನ ಓದಿನ ಕಾಗದಕ್ಕೆ ಹೋಗಿ ಅವನು ಸತ್ತ ಎಂದು ತಿಳಿದ ಮೇಲೆ, ಮಾವ ಅದೇ ಓದಿಗಾಗಿ ನನ್ನ ಜೊತೆ ಆಫೀಸಿಗೆ ಬರಬೇಕು. ಯಾವ ತಂದೆ ಬರುತ್ತಾನೆ?

ಫೈಲು ಕಂಕುಳಲ್ಲಿಟ್ಟುಕೊಂಡು ಹೊಲಕ್ಕೆ ಹೋದೆ.

ಮಾವ ಎಲೆಕೋಸು ಕೊಯ್ಯುತ್ತಿದ್ದರು. ನನ್ನನ್ನು ನೋಡಿ ಕುಡುಗೋಲು ನಿಲ್ಲಿಸಲಿಲ್ಲ. "ಯಾಕವ್ವಾ ಬಿಸ್ಲಲ್ ಬಂದೆ?"

"ಮಾವ, ಅವರು ಅವತ್ತು ಅತ್ತಿಬೆಲೆಗೆ ಹೋಗಿದ್ದು ನನ್ನ ಓದಿಗೆ."

ಎಲ್ಲ ಹೇಳಿದೆ. ವಿಳಾಸ, ನೋಟರಿ, ಅದರಿಂದ ಉಪಯೋಗವಿರಲಿಲ್ಲ ಎಂಬುದು. ಚೆನ್ನೈ, ಎರಡು ವರ್ಷ, ಹಾಸ್ಟೆಲ್ಲು. ಮೂವತ್ತನೆಯ ತಾರೀಕು. ನಿಂತಲ್ಲೇ ಒಂದೇ ಸಮನೆ, ಪಾಳಿ ಬದಲಾಗುವಾಗ ಮುಂದಿನ ನರ್ಸಿಗೆ ರೋಗಿಯ ವಿವರ ಒಪ್ಪಿಸುವ ಹಾಗೆ ಹೇಳಿದೆ.

ಮಾವ ಕೊಯ್ಯುತ್ತಲೇ ಇದ್ದರು. ಎರಡು ಕೋಸುಗಳಿಗೆ ಕುಡುಗೋಲು ಓರೆಯಾಗಿ ತಾಗಿ ಉಂಡೆಯೇ ಸೀಳಿತು. ಮೂರನೆಯದನ್ನು ಕೈಯಲ್ಲಿ ಹಿಡಿದು ಹಾಗೆಯೇ ಕೂತರು.

"ಚೆನ್ನೈ ಬ್ಯಾಡ ಅಂದಿದ್ನಾ ಅವ್ನು?"

"ದೂರ ಅಂತ ಬರೆದಿದ್ದಾರೆ."

"ದೂರವೇ." ಕೋಸನ್ನು ಕೆಳಗಿಟ್ಟು ಕೇಳಿದರು. "ಕಂಪ್ನಿ ಕೆಲ್ಸ ಯಾಕ್ ಬ್ಯಾಡ? ಇಲ್ಲೇ ಇರ್ಬೋದಲ್ಲ."

"ಯಾರಾದ್ರೂ ಕೈ ಕುಯ್ಕೊಂಡು ಬರಲಿ ಅಂತ ಕಾಯ್ತಾ ಒಂದು ಕೋಣೇಲಿ ಕೂತಿರಬೇಕು ಮಾವ. ನನಗೆ ಕೂರಕ್ಕೆ ಆಗ್ತಿಲ್ಲ."

"ಅದ್ ನೋಡ್ತಾನೇ ಇದೀನಿ. ಮೂರ್ ದಿನದಿಂದ ಅಂಗ್ಳ ಸವೀತಾ ಐತೆ."

ಕೈ ಚಾಚಿದರು. ಫೈಲು ಕೊಟ್ಟೆ. ಮಗ ಬರೆದ ಹಾಳೆಯನ್ನು ಅವರು ಬಿಡಿಸಲಿಲ್ಲ. ಹಿಂದಿನ ಕಾಗದಗಳನ್ನು ತೆಗೆದು, ಬಿಸಿಲಿಗೆ ಹಿಡಿದು, ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಅಸಲು," ಎಂದರು. ದನಿ ಬದಲಾಗಿತ್ತು. "ಜೆರಾಕ್ಸ್ ಅಲ್ಲ. ಆ ಯಮ್ಮನ್ ಮನೆ ಖಾತೆ ಕಣವ್ವಾ ಇದು. ಎಷ್ಟ್ ದಿನ ಆಯ್ತು ತಂದು?"

"ಹೆಚ್ಚುಕಮ್ಮಿ ಮೂರು ವಾರ."

"ಥೂ. ಮೂರ್ ವಾರ ಒಬ್ರ ಮನೆ ಅಸಲ್ ಪತ್ರ ಇಟ್ಕಂಡು ಸುಮ್ನವ್ನಲ್ಲ. ನಾನಾಗಿದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗಿರ್ತಿದ್ದೆ." ಮಗನನ್ನು ಎದುರಿಗಿದ್ದವನಂತೆಯೇ ಬೈದರು. ಬೈದು, ಟವೆಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ನಾಳೆ ಬೆಳಿಗ್ಗೆ ಮೊದ್ಲು ಇದ್ನ ಕೊಟ್ಬುಟ್ಟ್ ಬಾ. ಹನ್ನೊಂದ್ ಗಂಟೆಗೆ ನಾನು ಕಾರ್ಡ್ ತಗಂಡು ವಿ.ಎ.ಓ. ಆಫೀಸ್ ತಾವ ಇರ್ತೀನಿ. ಅಲ್ಲಿಗೇ ಬಾ."

"ಅತ್ತೆಗೆ?"

"ನಾ ಹೇಳ್ತೀನಿ. ಬೈಸ್ಕಂಡು ಅಭ್ಯಾಸ ಐತೆ ನಂಗೆ."

ಸೋಮವಾರ ಏಳೂ ಕಾಲಿಗೆ ನಾನು ಚಪ್ಪಲಿ ಮೆಟ್ಟುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ರಾತ್ರಿಯೇ ಮಾವ ಹೇಳಿದ್ದರು. ಅತ್ತೆಯ ಕಣ್ಣು ಊದಿಕೊಂಡಿತ್ತು.

"ತಿಂಗ್ಳು ತುಂಬಿಲ್ಲ. ಗಡಿ ದಾಟ್ಬಾರ್ದು ಗಂಡ ಸತ್ತೋಳು."

"ಊರ ಗಡಿ ಕಣೇ ಅದು," ಎಂದರು ಮಾವ ಒಳಗಿನಿಂದ. "ಹಿಂದಿನ್ ಕಾಲ್ದಲ್ಲಿ ಊರಾಚೆ ಹುಲಿ ಇತ್ತು."

"ನೀವ್ ಸುಮ್ಕಿರಿ. ಅಲ್ಲಿ ಲಾರಿ ಇಲ್ವಾ?"



ಅತ್ತೆ ನನ್ನ ಕಡೆ ತಿರುಗಿದರು. "ನಿನ್ ಮೇಲೆ ಕ್ವಾಪ ಇಲ್ಲಮ್ಮಿ. ಅವ್ನ್ ಹಣೇಲ್ ಬರ್ದಿತ್ತು. ಆದ್ರೆ ಅವ್ನ್ ಹೋದ, ಅವ್ನ್ ಕೆಲ್ಸಾನಾದ್ರೂ ಮನೇಲಿರ್ಲಿ ಅಂದೆ. ಬೆಳಿಗ್ಗೆ ಬಸ್ ಬಂದಾಗ ಈ ಮನೆಯಿಂದ ಯಾರಾರ ಹತ್ಲಿ ಅಂದೆ. ಅದೂ ಬ್ಯಾಡ ಅಂದ್ರೆ ನಾ ಏನ್ ಮಾಡ್ಲಿ, ಹೇಳು."

  ಅವರ ಪಕ್ಕದಿಂದ ಸರಿದು ಹೊರಬಂದೆ. ಅವರು ತಡೆಯಲಿಲ್ಲ. ಹಿಂದೆ ಬರಲೂ ಇಲ್ಲ.

ಹೊಸೂರಿನಲ್ಲಿ ಬಸ್ಸು ಬದಲಾಯಿಸಿದೆ. ಸೀಟು ಸಿಕ್ಕಿತು, ಕೂರಲಿಲ್ಲ, ಕಂಬ ಹಿಡಿದು ನಿಂತೆ. ಎಚ್.ಆರ್.ಗೆ ಮೆಸೇಜು ಹಾಕಿದೆ. ಕೆಲಸ ಕೊಟ್ಟದ್ದಕ್ಕೆ ಧನ್ಯವಾದ, ನಾನು ಬರುವುದಿಲ್ಲ, ಮುಂದೆ ಓದುತ್ತೇನೆ. ಮೂರು ವಾಕ್ಯ.  

ಜೂಜುವಾಡಿ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಮುಚ್ಚಲಿಲ್ಲ. ಟೈರಿನ ಅಂಗಡಿ, ಟೀ ಅಂಗಡಿ, ಸಾಲಾಗಿ ನಿಂತ ಲಾರಿಗಳು. ರಸ್ತೆಯಲ್ಲಿ ಏನೂ ಇರಲಿಲ್ಲ. ಒಬ್ಬ ಕ್ಲೀನರ್ ಬಕೆಟ್ಟಿನ ನೀರಲ್ಲಿ ಮುಖ ತೊಳೆಯುತ್ತಿದ್ದ. ಬಸ್ಸು ನಿಧಾನಿಸಲೂ ಇಲ್ಲ.

ಪಾಪಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೇಳಿದ ಮೊದಲ ಅಂಗಡಿಯವನೇ "ಅಡ್ರೆಸ್ ಪಾಪಮ್ಮನಾ?" ಎಂದು ಕೈ ತೋರಿಸಿದ. ಆಕೆ ಹೊಸಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು.

"ಯಾರವ್ವಾ?"

"ಮತ್ತಿಗಿರಿ ಕೆಂಪರಾಜು ಮನೆಯವಳು."

ಆಕೆ ಮೊರ ಪಕ್ಕಕ್ಕೆ ತಳ್ಳಿದಳು. "ಓಹೋಹೋ! ಗಂಡ ಬಚ್ಚಿಟ್ಕಂಡು ಹೆಂಡ್ತೀನ್ ಕಳ್ಸವ್ನಾ? ಒಂದ್ ಗಂಟೇಲಿ ಬತ್ತೀನಿ ಅಂತ ಹೇಳ್ಬುಟ್ ಹೋದೋನು! ನೋಟರಿ ಮುಂದೆ ಬ್ಯಾಗೆಲ್ಲ ಸುರ್ದು ಹುಡ್ಕುದ. ಅಯ್ಯೋ ಪತ್ರ ಲಾಕರಲ್ಲೇ ಬಿಟ್ಬುಟ್ಟೆ ಕಣಮ್ಮಾ, ಓಡೋಗಿ ತತ್ತೀನಿ ಅಂದ. ನಾಳೆ ಮಾಡಾನ ಬುಡ್ಲಾ ಅಂದೆ. ಇಲ್ಲ, ಇವತ್ತೇ ಆಗ್ಬೇಕು ಅಂತ ಕುಣುದ. ಉಂಡ್ಕಂಡ್ ಹೋಗು ಅಂದ್ರೂ ಕೇಳ್ಲಿಲ್ಲ. ಎಲ್ಲವ್ನೆ ಈಗ? ಇ-ಖಾತೆ ಮಾಡ್ಸು ಅಂತ ಪಂಚಾಯ್ತಿಯೋರು ಮೂರ್ ಸಲ ಬಂದೋದ್ರು. ಅಸಲು ಎಲ್ಲಮ್ಮಾ ಅಂದ್ರೆ ನಾ ಯಾವ್ ಮಖ ತೋರ್ಸ್ಲಿ? ಕುಮಾರೇಶ್ನೂ ಫೋನ್ ಎತ್ತಲ್ಲ. ಇಬ್ರೂ ಸೇರ್ಕಂಡು ನನ್ ಮನೆ ಮಾರ್ಬುಟ್ರಾ ಅಂತ..."

"ಅವರು ಇಲ್ಲ ಅಮ್ಮ."

"ಇಲ್ಲ ಅಂದ್ರೆ?"

"ಲಾಕರಿಂದ ಪತ್ರ ತರೋಕೆ ಹೊರಟರಲ್ಲ. ಅವತ್ತೇ. ಜೂಜುವಾಡೀಲಿ, ಲಾರಿ."

ಪಾಪಮ್ಮನ ಬಾಯಿ ತೆರೆದೇ ಇತ್ತು. ಕೈಯಲ್ಲಿದ್ದ ಅವರೆಕಾಯಿ ಮಡಿಲಿಗೆ ಬಿತ್ತು.

"ಅದು ಅವ್ನಾ?" ಎಂದಳು ಕೊನೆಗೆ. "ಬಾರ್ಡರಲ್ಲಿ ಯಾರೋ ಹುಡ್ಗ ಹೋದ ಅಂದ್ರು ಅವತ್ತು. ಪಾಪ ಯಾರ್ ಹೆತ್ತ್ ಮಗ್ನೋ ಅಂದೆ. ಅಂದ್ಬುಟ್ಟು ಇಲ್ಲೇ ಕೂತ್ಕಂಡು, ಸಾಯಂಕಾಲದ್ ತನ್ಕ ಇವ್ನ್ನೇ ಬೈತಿದ್ದೆ ಕಣವ್ವಾ, ಒಂದ್ ಗಂಟೇಲಿ ಬತ್ತೀನಿ ಅಂದೋನು ಬರ್ಲಿಲ್ಲ ಅಂತ."

ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ನೋಡುತ್ತ ನಿಂತಿದ್ದೆ. ನನ್ನ ಗಂಡನಿಗಾಗಿ ನನಗಿಂತ ಮೊದಲು ಈಕೆ ಅಳುತ್ತಿದ್ದಳು. ಪಕ್ಕದಲ್ಲಿ ಕೂತುಕೊಂಡೆ. ಎಷ್ಟೋ ದಿನದ ಮೇಲೆ ಹಾಗೆ ಒಂದು ಕಡೆ ಕೂತದ್ದು. ಬಹಳ ಹೊತ್ತೇನಲ್ಲ.

"ಬಾ, ಇವತ್ತೇ ಕರಾರು ಮಾಡ್ಸ್ಬುಡಾನ," ಎಂದಳು ಮೂಗು ಒರೆಸಿಕೊಂಡು. "ಒಂದ್ ಕಾಸೂ ಬ್ಯಾಡ. ನೀನ್ ಓದ್ಬೇಕು ಅಂತ ಅಷ್ಟ್ ಒದ್ದಾಡ್ದ. ನನ್ ಮನೇಲೇ ಇದ್ದೀಯ ಅಂತ ಬರ್ಸಾನ."

"ಬೇಡ ಅಮ್ಮ. ಆ ವಿಳಾಸದಿಂದ ಆಗಲ್ಲ. ನಮ್ಮ ಮಾವ ಮತ್ತಿಗಿರಿ ಆಫೀಸಲ್ಲಿ ಕಾಯ್ತಿರ್ತಾರೆ. ನಾನು ಅಲ್ಲಿಯವಳು ಅಂತಲೇ ಬರೆಸ್ತೀನಿ. ಓದೋಕೆ ಚೆನ್ನೈಗೆ ಹೋಗ್ತೀನಿ."

"ಚೆನ್ನೈಗಾ? ಒಬ್ಳೇನಾ?"

"ಒಬ್ಬಳೇ."

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. 

ನಾನು ಫೈಲು ತೆರೆದೆ. ಅವನ ಹಾಳೆಯನ್ನು ತೆಗೆದು ನನ್ನ ಬ್ಯಾಗಿನಲ್ಲಿಟ್ಟುಕೊಂಡೆ. ಉಳಿದದ್ದನ್ನು ಚಾಚಿದೆ. ಪಾಪಮ್ಮ ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ ಕೈ ತೊಳೆದುಕೊಂಡು ಬಂದಳು. ಬಂದವಳು, "ನಂಗೆ ಓದಕ್ ಬರಲ್ಲ. ನೀನೇ ಓದು. ಬೇರೆ ಯಾರ್ದಾರ ಪತ್ರ ಬದಲಾಗಿ ಬಂದೈತಾ ನೋಡಾನ," ಎಂದಳು.

ನಾನು ಓದಿದೆ. ಖಾತೆದಾರರ ಹೆಸರು. ಗಂಡನ ಹೆಸರಿನ ಹಿಂದೆ ಲೇಟ್ ಎಂದಿತ್ತು, ಅದನ್ನೂ ಓದಿದೆ. ಉದ್ದ ಇಪ್ಪತ್ತು ಅಡಿ, ಅಗಲ ಹದಿನೈದು.

"ಚೆಕ್ಕುಬಂದಿ ಓದು."

"ಪೂರ್ವಕ್ಕೆ ಬೀದಿ."

ಆಕೆ ಬೀದಿಯ ಕಡೆ ನೋಡಿ ತಲೆಯಾಡಿಸಿದಳು.

"ಪಶ್ಚಿಮಕ್ಕೆ ತಿಮ್ಮಣ್ಣನವರ ಹಿತ್ತಿಲು. ಉತ್ತರಕ್ಕೆ ಸರ್ಕಾರಿ ಓಣಿ."

"ಹೂಂ."

"ದಕ್ಷಿಣಕ್ಕೆ ನಾಗವೇಣಿಯವರ ಮನೆಯ ಗೋಡೆ."

ಪಾಪಮ್ಮ ಎಡಗೈಯಿಂದ ಆ ಗೋಡೆಯನ್ನು ಮುಟ್ಟಿ ನೋಡಿದಳು. ಆಮೇಲೆ ಎರಡೂ ಕೈ ಚಾಚಿದಳು. ಕೊಟ್ಟೆ.